ಎರಡು ಹೆಸರಿನ ಒಂದೇ ಮಾತ್ರೆ

ಮಲ್ಲಂದೂರು
೨೨ ನವೆಂಬರ್ ೨೦೦೪

ಪ್ರೀತಿಯ ಮಗ ರಾಜೀವನಿಗೆ ಅಪ್ಪನ ಆಶೀರ್ವಾದ.

ನಿನ್ನ ಮೊಣಕಾಲು ನೋವು ಹೇಗಿದೆ? ಅಸ್ಸಾಮಿನಲ್ಲಿ ಈಗ ಚಳಿ ಹಿಡಿದಿರಬೇಕು. ಪಲ್ಟನ್ನಿನವರು ಕೊಟ್ಟ ಸ್ವೆಟರು ಸಾಲದಿದ್ದರೆ ಬರೆ, ಇಲ್ಲಿಂದ ಕಳಿಸುತ್ತೇನೆ. ನಾನು ಗಟ್ಟಿಯಾಗಿದ್ದೇನೆ, ಕೆಮ್ಮೊಂದು ಬಿಟ್ಟರೆ ದೂರುವಂಥದ್ದೇನಿಲ್ಲ. ನಿನ್ನ ಮಗಳು ರಕ್ಷಾಳ ಮುಂದಿನ ಹಲ್ಲು ಬಿದ್ದಿದೆ. ತನ್ನ ಮಾತಿಗೆ ತಾನೇ ನಗುತ್ತಾಳೆ. ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು ಶುರುವಾಗಿದೆ. ನಿನ್ನ ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಕಣದಲ್ಲಿ ನಿಂತು ಎಲ್ಲರನ್ನೂ ಗದರುತ್ತಿದ್ದಳು.

ಅವಳ ವಿಷಯವೇ ಬರೆಯಬೇಕು. ಆಗಸ್ಟಿನಲ್ಲಿ ನೀನು ತಿಥಿ ಮುಗಿಸಿ ಹೊರಟಾಗ ಊರಿನ ಬಾಯಲ್ಲಿ ಇದ್ದದ್ದು ಒಂದೇ ಮಾತು: ಸೊಸೆಯ ಕಾಟಕ್ಕೆ ರುಕ್ಮಿಣಮ್ಮ ಮಾತ್ರೆ ನುಂಗಿ ಸತ್ತಳು ಎಂದು. ನಿನ್ನ ಹೆಂಡತಿಯ ಮೇಲಿನ ಆ ಮಾತನ್ನು ನೀನೂ ನಂಬಿಕೊಂಡೇ ಹೋದೆ. ನಂಬಬೇಡ ಎನ್ನಲು ಆಗ ನನ್ನ ಹತ್ತಿರ ಆಧಾರ ಇರಲಿಲ್ಲ. ಅಮ್ಮ ಜ್ವರ ಬಂದು ಕೆಲವು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಆ ಬೆಳಿಗ್ಗೆ ಶಾಲಿನಿ ಗಂಜಿ ತಂದಿಟ್ಟಾಗ ಲೋಟ ಎತ್ತಿ ಎಸೆದಳು. "ನನ್ನ ಕೊಲ್ಲೂಕೆ ನೋಡ್ತಿದೀಯ ನೀನು" ಎಂದು ಕೂಗಿದ್ದು ತೋಟದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರಿಗೆಲ್ಲ ಕೇಳಿತು. ಆಮೇಲೆ ಮೈಯೆಲ್ಲ ಬೆವತು ಮಲಗಿದಳು. ಜ್ವರ ಬಿಡುತ್ತಿದೆ, ನಿದ್ದೆ ಬಂದಿದೆ ಎಂದುಕೊಂಡೆವು. ಮಧ್ಯಾಹ್ನ ಎಬ್ಬಿಸಿದರೆ ಏಳಲಿಲ್ಲ. ಆ ಮಳೆಯಲ್ಲಿ ಜೀಪು ಹುಡುಕಿ ಚಿಕ್ಕಮಗಳೂರು ಮುಟ್ಟಿದರೂ ಅವಳು ಕಣ್ಣು ಬಿಡಲಿಲ್ಲ. ದಿಂಬಿನ ಕೆಳಗೆ ಖಾಲಿಯಾದ ಮಾತ್ರೆ ಹಾಳೆಗಳು ಸಿಕ್ಕವು. ಊರಿಗೆ ಅಷ್ಟು ಸಾಕಾಯಿತು.

ನೀನು ಹೋದ ಮೇಲೆ ಶಾಲಿನಿ ಅಮ್ಮನ ಮಾತ್ರೆಯ ಕವರನ್ನು ಹಾಗೆಯೇ ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರು ಎರಡು ಹಾಳೆಗಳನ್ನು ಬೆಳಕಿಗೆ ಹಿಡಿದು ಓದಿದರು. ಒಂದು ಟೌನಿನಲ್ಲಿ ಮೊದಲಿನಿಂದ ಕೊಡುತ್ತಿದ್ದ ಸಕ್ಕರೆ ಕಾಯಿಲೆಯ ಮಾತ್ರೆ. ಇನ್ನೊಂದು ಶಾಲೆಯಲ್ಲಿ ನಡೆದ ಉಚಿತ ಶಿಬಿರದಲ್ಲಿ ಕೊಟ್ಟದ್ದು. ಅದು ಕಾಲಿನ ಜೋಮಿಗೆ ಎಂದು ಅಮ್ಮ ತಿಳಿದಿದ್ದಳು. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ಒಳಗಿನ ಔಷಧಿ ಒಂದೇ. ಹೊಟ್ಟೆಗೆ ಅನ್ನವಿಲ್ಲದ ದಿನಗಳಲ್ಲೂ ಅವಳು ತಪ್ಪದೆ ಎರಡನ್ನೂ ನುಂಗಿದ್ದಳು. ಬದುಕಬೇಕೆಂದೇ ನುಂಗಿದ್ದಳು, ರಾಜೀವ.

ಬೆಳಿಗ್ಗೆ ಆದ ಜಗಳವನ್ನು ಶಾಲಿನಿಯೇ ಡಾಕ್ಟರಿಗೆ ಹೇಳಿದಳು. ಅವರು, "ಸಕ್ಕರೆ ತೀರಾ ಕೆಳಗಿಳಿದಾಗ ಮನುಷ್ಯ ಬೆವರ್ತಾನೆ, ತೊದಲ್ತಾನೆ, ಸಿಕ್ಕವರ ಮೇಲೆ ರೇಗ್ತಾನೆ. ಅವತ್ತು ಕೂಗಿದ್ದು ಕಾಯಿಲೆ ಕಣಮ್ಮ, ನಿಮ್ಮತ್ತೆ ಅಲ್ಲ" ಎಂದರು. ಶಾಲಿನಿ ಅಲ್ಲಿ ಅಳಲಿಲ್ಲ. ಬಸ್ಸಿನಲ್ಲಿ ಕೈಮರ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಅಳತೊಡಗಿದವಳು ಊರು ಬಂದರೂ ನಿಲ್ಲಿಸಲಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ಹೇಳುತ್ತೇನೆ. ಮನೆಮನೆಗೆ ಹೋಗಿ, ಇರುವ ಮಾತ್ರೆಗಳನ್ನೆಲ್ಲ ತೋರಿಸಿ ಎಂದು ಕೇಳತೊಡಗಿದಳು. ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಶಾಂತವೀರಪ್ಪನವರಂತೂ, "ನಿಮ್ಮತ್ತೆಗೆ ಕೊಟ್ಟಿದ್ದು ಸಾಕಮ್ಮ. ನಮ್ಮನೆ ಮಾತ್ರೆ ಮುಟ್ಬೇಡ" ಎಂದುಬಿಟ್ಟರು. ಅವತ್ತು ಶಾಲಿನಿ ಮನೆಗೆ ಬಂದು ನನಗೆ ಊಟ ಬಡಿಸಿ, ತಾನು ಉಣ್ಣದೆ ಎದ್ದು ಹೋದಳು. ಸರ್ಕಾರಿ ನರ್ಸು ಮುತ್ತಮ್ಮ ಜೊತೆಗೆ ನಿಂತ ಮೇಲೆ ದಾರಿಯಾಯಿತು. ಈಗ ಶನಿವಾರ ಬೆಳಿಗ್ಗೆ ಹಾಲು ಹಾಕಲು ಬರುವವರು ಡೈರಿಯ ಕಟ್ಟೆಗೆ ತಮ್ಮ ಕವರುಗಳನ್ನೂ ತರುತ್ತಾರೆ. ಮುತ್ತಮ್ಮ ಒಂದೊಂದನ್ನೂ ಓದಿ, ಅನುಮಾನ ಬಂದದ್ದನ್ನು ಡಾಕ್ಟರಿಗೆ ಕೇಳಿ ಬರುತ್ತಾಳೆ. ಓದಲು ಬಾರದವರ ಪೊಟ್ಟಣದ ಮೇಲೆ ಶಾಲಿನಿ ಸೂರ್ಯನನ್ನೋ ಚಂದ್ರನನ್ನೋ ಬರೆಯುತ್ತಾಳೆ. ಎಸ್ಟೇಟಿನ ಕೂಲಿ ಲೈನಿನ ದ್ಯಾವಮ್ಮ ಗಂಡನ ಫಿಟ್ಸ್ ಮಾತ್ರೆಯನ್ನು ನಿದ್ದೆಗೆಂದು ನುಂಗುತ್ತಿದ್ದಳಂತೆ, ಒಂದು ಸಾಲದೆ ಎರಡು, ಎರಡು ಸಾಲದೆ ಮೂರು. ಕೇಳಿದರೆ, ಡಾಕ್ಟರು ಬರೆದ ಮಾತ್ರೆ ತಾನೇ, ವಿಷವಲ್ಲವಲ್ಲ ಎಂದಳು. ಅಮ್ಮನೂ ಹಾಗೇ ತಿಳಿದಿದ್ದಳು.

ಎಲ್ಲವೂ ಒಳ್ಳೆಯದಾಗಲಿಲ್ಲ. ಹೋದ ತಿಂಗಳು ಶಾಂತವೀರಪ್ಪನವರ ಹೆಂಡತಿ ಸಾವಿತ್ರಮ್ಮ ನಮ್ಮ ಅಂಗಳಕ್ಕೆ ಓಡಿ ಬಂದಳು. ಗಂಡ ಬೆವರುತ್ತಿದ್ದಾರೆ, ಏನೇನೋ ಬಡಬಡಿಸುತ್ತಾರೆ, ಹತ್ತಿರ ಹೋದರೆ ಹೊಡೆಯಲು ಬರುತ್ತಾರೆ ಎಂದಳು. ಶಾಲಿನಿ ಕೈಯಲ್ಲಿದ್ದುದನ್ನು ಬಿಟ್ಟು ಹೋದಳು. ಅವರಿಗೆ ಇನ್ನೂ ನುಂಗುವಷ್ಟು ಎಚ್ಚರವಿತ್ತು. ಬೈಸಿಕೊಳ್ಳುತ್ತಲೇ ಸಕ್ಕರೆ ನೀರು ಕುಡಿಸಿ, ಜೀಪಿನಲ್ಲಿ ಪಕ್ಕದಲ್ಲೇ ಕೂತು ಆಸ್ಪತ್ರೆಗೆ ಸೇರಿಸಿದಳು. ಅವರೂ ನುಂಗಿದ್ದು ಎರಡು ಕಡೆಯಿಂದ ತಂದ ಒಂದೇ ಮಾತ್ರೆ. ಬದುಕಿದರು. ಇವತ್ತಿಗೂ ಅವಳ ಮುಖ ನೋಡಿ ಒಂದು ಮಾತಾಡಿಲ್ಲ. ನಮ್ಮ ಊರು ಹಾಗೆ, ಮಾರಾಯ. ಕವರು ತರುತ್ತಾರೆ, ಅವಳ ಕೈಯಿಂದ ಪೊಟ್ಟಣ ಇಸಿದುಕೊಳ್ಳುತ್ತಾರೆ, ತಿರುವಿನಾಚೆ ಹೋಗಿ ಹಳೆಯ ಮಾತನ್ನೇ ಆಡುತ್ತಾರೆ. ಸತ್ಯ ಹೇಳಿದರೂ ನಂಬುವವರು ಅರ್ಧ ಮಂದಿ.

ದೇವರು ನಿನ್ನನ್ನು ಆ ಗಡಿಯಲ್ಲಿ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಮಂಜಯ್ಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಶಾಲಿನಿಯ ಅಣ್ಣ ಕಳಸದಿಂದ ಬಂದಿದ್ದ. ಕೊಯ್ಲು ಮುಗಿದ ಕೂಡಲೇ ಅವಳನ್ನೂ ರಕ್ಷಾಳನ್ನೂ ಕರೆದುಕೊಂಡು ಹೋಗುತ್ತಾನಂತೆ. ಅವಳು ಬರುವುದಿಲ್ಲ ಎನ್ನಲಿಲ್ಲ. ಯಾಕೆಂದು ಕೇಳಿದೆ. "ಊರವರು ಹೇಳಿದ್ದು ಸಹಿಸ್ಕೊಂಡೆ ಮಾವ. ಇವರು ನನ್ನನ್ನು ಒಂದು ಮಾತೂ ಕೇಳಲಿಲ್ಲವಲ್ಲ" ಎಂದಳು. ನೀನು ಫೋನ್ ಮಾಡಿದಾಗ ಅವಳೇ ಎತ್ತುತ್ತಾಳೆ, ನೀನು ಅಪ್ಪನಿಗೆ ಕೊಡು ಎನ್ನುತ್ತೀಯ. ಇನ್ನೊಮ್ಮೆ ಮಾಡಿದಾಗ ನನ್ನನ್ನು ಕರೆಯಬೇಡ.