ಭಾವ ಹೆದರಬೇಕು

ಮಾರ್ಚ್ 3, ಬೆಳಗ್ಗೆ 6.30
ತಟ್ಟೆ ತೊಳೆದೆ. ಹಾಸಿದ ಗೋಣಿ ಬದಲಿಸಿದೆ. ಹೈವೇ ಪಕ್ಕ ಕಾಲು ಮುರಿದುಕೊಂಡು ಸಿಕ್ಕಿದ್ದ ನರಿಗೆ ಬ್ಯಾಂಡೇಜ್ ಬಿಚ್ಚಿ ಇಂದಿಗೆ ಹತ್ತು ದಿನ. ಕುಂಟುತ್ತಾನೆ, ಆದರೂ ತಟ್ಟೆ ಖಾಲಿ. ನಮ್ಮ ಆಸ್ಪತ್ರೆಯಲ್ಲಿ ಕಾಡುಪ್ರಾಣಿಗೆ ಹೆಸರಿಡುವಂತಿಲ್ಲ, ಅದರೆದುರು ಮಾತಾಡುವಂತಿಲ್ಲ. ಹೆಸರೇನೂ ಇಟ್ಟಿಲ್ಲ. ಸುಮ್ಮನೆ ‘ಭಾವ’ ಅನ್ನುತ್ತೇನೆ. ಅವನ ಊಟ ಮುಗಿಯುವವರೆಗೆ ಒಂದು ಸಣ್ಣ ಕತೆ... ಯಾರಿಗೇನು ನಷ್ಟ?
ಹೆಂಡತಿಗೆ ಗೊತ್ತಾಗಿದೆ. “ನಮ್ಮಣ್ಣ ಬಂದಾಗ ಒಂದಿನಾನೂ ಹೀಗೆ ಎದುರಿಗೆ ಕೂತು ಉಪಚಾರ ಮಾಡಿದೋರಲ್ಲ ನೀವು!”

ಮಾರ್ಚ್ 5
ಸಿಕ್ಕಿಬಿದ್ದೆ. ನನ್ನ ದನಿ ಕೇಳಿ ಭಾವ ಬಾಲ ಆಡಿಸುತ್ತ ಜಾಲರಿಗೆ ಬಂದ. ನನ್ನ ಬೆನ್ನ ಹಿಂದೆ ಡಾಕ್ಟರಮ್ಮ.
“ಕತೆ ಹೇಳಿ ಹೇಳಿ ನರೀನ ನಾಯಿ ಮಾಡಿಟ್ಟಿದ್ದೀಯಲ್ಲೋ! ಹೀಗೇ ಬಿಟ್ರೆ ಯಾರದೋ ಕೋಳಿಗೂಡಿನ ಹತ್ರ ಬಾಲ ಆಡಿಸ್ಕೊಂಡು ಹೋಗ್ತಾನೆ. ಒಂದೇ ದೊಣ್ಣೆ ಏಟು, ಅಷ್ಟೇ.”
“ಈಗೇನ್ಮಾಡೋದು?”
“ಮೂರು ವಾರ ಟೈಮು. ಮನುಷ್ಯರಿಗೆ ಹೆದರೋದು ಕಲಿತ್ರೆ ಕಾಡು. ಇಲ್ಲಾಂದ್ರೆ ಸಾಯೋವರೆಗೂ ಪಂಜರ.”
ರಾತ್ರಿ ಕೂತು ಹಳೆ ಗೋಣಿ ಸೇರಿಸಿ ಪರದೆ ಹೊಲಿದೆ.

ಮಾರ್ಚ್ 9
ಜಾಲರಿಗೆ ಗೋಣಿಪರದೆ ಕಟ್ಟಿದ್ದೇವೆ. ಊಟ ಪೈಪಿನಲ್ಲಿ ಜಾರಿಸುತ್ತೇನೆ. ಬಾಯಿಗೆ ಬೀಗ. ದಿನಕ್ಕೆರಡು ಸಲ ಪರದೆ ಸರಿಸಿ, ಮುಖ ತೋರಿಸಿ, ತಗಡಿನ ಡಬ್ಬ ಬಡಿಯಬೇಕು — ನಾನೇ. ಭಾವ ಅದನ್ನೂ ಆಟ ಅಂದುಕೊಂಡು ಹತ್ತಿರ ಬಂದ. ಹಲ್ಲು ಕಚ್ಚಿ ಇನ್ನೂ ಜೋರಾಗಿ ಬಡಿದೆ.

ಮಾರ್ಚ್ 17
ಸೀನಿದೆ. ಪರದೆಯಾಚೆ ಬಾಲ ನೆಲಕ್ಕೆ ಬಡಿಯುವ ಸದ್ದು. ಹಾಳಾದ ಮೂಗು!

ಮಾರ್ಚ್ 26, ಸಂಜೆ
ಕಾಡಂಚಿನ ಬೇಲಿಯೊಳಗೆ ಪರೀಕ್ಷೆ. ಆಚೆ ಬಾಗಿಲಿನ ಹಗ್ಗ ಹಿಡಿದು ಡಾಕ್ಟರಮ್ಮ.
“ಕರಿ. ಮೊದಲು ಹೇಗೆ ಕರೀತಿದ್ದೆಯೋ ಹಾಗೇ.”
“ಬಂದ್ಬಿಟ್ರೆ?”
“ಕರಿಯೋ ಮಾರಾಯ!”
“ಭಾವಾ...” ಅಂದೆ. ಅವನ ಕಿವಿ ತಲೆಗೆ ಅಂಟಿತು. ಕೂದಲು ನಿಗುರಿತು. ಹಲ್ಲು ಕಿರಿದು ಹಿಂದೆ ಹಿಂದೆ ಸರಿದ. ಇನ್ನೊಂದು ಹೆಜ್ಜೆ ಇಟ್ಟೆ. ಯಮನನ್ನು ಕಂಡವನಂತೆ ಬೇಲಿಗುಂಟ ಓಡಿದ! ಹಗ್ಗ ಎಳೆದರು, ಬಾಗಿಲು ತೆರೆಯಿತು. ಎದುರಿನ ಹಳ್ಳ ಒಂದೇ ನೆಗೆತಕ್ಕೆ ದಾಟಿದ. ಮುರಿದದ್ದು ಯಾವ ಕಾಲೋ, ಗುರುತೇ ಸಿಗಲಿಲ್ಲ.
ಡಾಕ್ಟರಮ್ಮ ಬೆನ್ನಿಗೆ ಗುದ್ದಿದರು. “ಪಾಸ್ ಕಣೋ, ಇಬ್ರೂ ಪಾಸ್!”
ಮನೆಗೆ ಬಂದು ಕಾಲು ಚಾಚಿ ಕೂತಿದ್ದೇನೆ. ಎದೆ ಹತ್ತಿಯಷ್ಟು ಹಗುರ. ಒಬ್ಬನೇ ನಗುತ್ತಿದ್ದೇನೆ. ನೆಂಟನೊಬ್ಬ ತನ್ನ ಮುಖ ಕಂಡು ಓಡಿಹೋದನೆಂದು ಇಷ್ಟು ಖುಷಿಪಟ್ಟವನು ಈ ಲೋಕದಲ್ಲಿ ನಾನೊಬ್ಬನೇ ಇರಬೇಕು.