ಬೀಗವಿಲ್ಲದ ಪ್ರತಿ

ಹೂವಿನ ಹಡಗಲಿ,
೧೬ ಸೆಪ್ಟೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅಣ್ಣಾ,

ಪರೇಡಿನಲ್ಲಿ ಉಳುಕಿದ ಕಾಲು ಹೇಗಿದೆ? ಬೂಟಿನೊಳಗೆ ಬಾತುಕೊಂಡರೆ ಮುಚ್ಚಿಡಬೇಡ, ನಿಮ್ಮ ಸಾಹೇಬರಿಗೆ ಹೇಳು. ಅವ್ವನ ಕೆಮ್ಮು ಕಡಿಮೆಯಾಗಿದೆ. ಭಾನುವಾರ ಫೋನಿನಲ್ಲಿ ನೀನು "ಯಾಕ ಕೋಮಲಾ, ದನಿ ಹಿಂಗೈತಿ?" ಅಂದೆ. ನಿನ್ನ ಹಿಂದೆ ಬೇರೆ ಟ್ರೈನಿಗಳು ಸರದಿಗೆ ನಿಂತಿದ್ದರು. ಅವರ ಎದುರಿಗೆ ಹೇಗೆ ಹೇಳಲಿ? ಅದಕ್ಕೇ ಈ ಕಾಗದ.

ವಿಷಯ ನಿನ್ನ ಆಟದ್ದು. ತೋಳ ಬರುವುದರೊಳಗೆ ಕುರಿಹಿಂಡನ್ನು ಹೊಳೆ ದಾಟಿಸುವ ಆ ಕಂಪ್ಯೂಟರ್ ಆಟಕ್ಕೆ ನೀನು ಮೂರು ವರ್ಷ ಕಣ್ಣು ಸವೆಸಿದ್ದೆ. ಪೊಲೀಸ್ ಟ್ರೈನಿಂಗಿಗೆ ಹೊರಟಾಗ ಮಾರಾಟ ನೋಡಿಕೋ ಎಂದು ನನಗೆ ಒಪ್ಪಿಸಿದೆ. ಆಗಸ್ಟಿನಿಂದ ಒಬ್ಬರೂ ಕೊಂಡಿಲ್ಲ. ವಿಚಾರಿಸಿದರೆ, ಕೊಂಡವರಿಗೆ ಕೊಡುವ ಗುಪ್ತ ಸಂಖ್ಯೆಯನ್ನೇ ಕೇಳದೆ ತೆರೆಯುವ ಒಂದು ಪ್ರತಿ ಹರಪನಹಳ್ಳಿಯಿಂದ ಕೊಟ್ಟೂರು, ಕೂಡ್ಲಿಗಿವರೆಗೆ ಪೆನ್‌ಡ್ರೈವ್‌ಗಳಲ್ಲಿ ಓಡಾಡುತ್ತಿದೆ. ಆ ಸಂಖ್ಯೆಯ ಬೀಗ ಯಾರು ಒಡೆದರೋ! ಅಷ್ಟೇ ಆಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಅದರೊಳಗೆ ವೈರಸ್ ಸೇರಿದೆ.

ಹಿರೇಹಡಗಲಿಯಲ್ಲಿ ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕಲ್ಯಾಣಮ್ಮ ಗೊತ್ತಲ್ಲ, ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವರೂ ನಿನ್ನ ಕುರಿ ದಾಟಿಸುತ್ತಿದ್ದರಂತೆ. ಈಗ ಅವರ ಕಂಪ್ಯೂಟರಿನಲ್ಲಿದ್ದ ಊರವರ ಆಧಾರ್, ಮಾರ್ಕ್ಸ್ ಕಾರ್ಡ್ ಯಾವುದೂ ತೆರೆಯುತ್ತಿಲ್ಲ. ಶುಕ್ರವಾರ ಮನೆಗೆ ಬಂದರು. ಬೈಯಲಿಲ್ಲ. ಕೊಟ್ಟ ನೀರನ್ನೂ ಕುಡಿಯದೆ, "ಆಟದ ಮ್ಯಾಲೆ ಮಾರೇಶನ ಹೆಸರು ಐತಿ, ನಮ್ಮ ಹುಡುಗ ಮಾಡಿದ್ದು ಅಂತ ನಂಬಿ ಹಾಕ್ಕೊಂಡೆ ನೋಡವಾ. ಈಗ ಮಂದಿಗಿ ಏನ್ ಹೇಳ್ಲಿ?" ಅಂದರು. ಠಾಣೆಯಲ್ಲಿ ನಿನ್ನ ಹೆಸರಿಗೆ ದೂರು ಕೊಡದೆ ಬೇರೆ ದಾರಿಯಿಲ್ಲ ಎನ್ನುತ್ತ ಎದ್ದರು.

ಅಂದಿನಿಂದ ಹೊರಗೆ ಬೈಕ್ ನಿಂತ ಸದ್ದಾದರೂ ಅಪ್ಪ ಬೆಚ್ಚಿಬೀಳುತ್ತಾರೆ. "ಪೊಲೀಸ್ ಆಗೋ ಹುಡುಗನ ಮ್ಯಾಲೆ ಕೇಸ್ ಬಿದ್ರ ಮನಿಗಿ ಕಳಸ್ತಾರ" ಎನ್ನುತ್ತ ನಿನ್ನ ನೇಮಕದ ಆದೇಶವನ್ನು ತೆಗೆದು ನೋಡುತ್ತಾರೆ, ಮತ್ತೆ ಮಡಚಿಡುತ್ತಾರೆ. ನನಗಂತೂ ಶಾಲೆಯಲ್ಲಿ ಪಾಠ ಮಾಡುವಾಗ ಬಾಗಿಲಿಗೆ ಯಾರೇ ಬಂದರೂ ಮಾತು ಅರ್ಧಕ್ಕೇ ಬಿಟ್ಟು ಅತ್ತ ನೋಡುತ್ತೇನೆ.

ನೀನು ಊಟ ಬಿಡಬೇಡ. ಅವ್ವ ನಿನ್ನ ಹೆಸರಿನಲ್ಲಿ ದಿನಾ ದೀಪ ಹಚ್ಚುತ್ತಾಳೆ, ಮೈ ಕೈ ಗಟ್ಟಿ ಇರಲಿ ಎಂದು ಹರಸಿದ್ದಾಳೆ.

ನಿನ್ನ ತಂಗಿ,
ಕೋಮಲಾ

ವಿ.ಸೂ.: ಬೀಗ ಯಾರೂ ಒಡೆಯಲಿಲ್ಲ ಅಣ್ಣಾ. ಆಡಿ ತಪ್ಪು ಹುಡುಕಲೆಂದು ನೀನು ನನಗೊಬ್ಬಳಿಗೇ ಕೊಟ್ಟಿದ್ದ ಬೀಗವಿಲ್ಲದ ಪ್ರತಿಯನ್ನು ಹರಪನಹಳ್ಳಿಯ ಕಂಪ್ಯೂಟರ್ ಅಂಗಡಿಯ ಅರುಣಕುಮಾರನಿಗೆ ಕೊಟ್ಟವಳು ನಾನೇ. "ನಾಕ್ ಮಂದಿಗೆ ತೋರಿಸ್ತೀನಿ, ಆಮ್ಯಾಲೆ ಅವ್ರೇ ಕೊಂಡ್ಕೊಂತಾರ" ಅಂದಿದ್ದ, ನಂಬಿದೆ. ವೈರಸ್ ಸೇರಿಸಿದ್ದು ಯಾರೆಂದು ಅವನಿಗೂ ಗೊತ್ತಿಲ್ಲವಂತೆ. ಇವತ್ತು ಠಾಣೆಗೆ ಹೋಗಿ ಇಷ್ಟನ್ನೂ ಬರೆದು ಸಹಿ ಹಾಕಿ ಬಂದೆ. ಕಲ್ಯಾಣಮ್ಮ ಪಕ್ಕದಲ್ಲೇ ಕೂತು ಅತ್ತರು. ನಾಳೆ ಶಾಲೆಯಲ್ಲಿ ಹೇಳಬೇಕು, ಕೆಲಸ ಉಳಿಯುತ್ತದೋ ಇಲ್ಲವೋ. ಅಪ್ಪನಿಗೆ ಇನ್ನೂ ಹೇಳಿಲ್ಲ. ನಿನ್ನನ್ನು ಯಾರಾದರೂ ಕರೆದು ಕೇಳಿದರೆ, ನನ್ನನ್ನು ಉಳಿಸಲು 'ನಾನೇ ಕೊಟ್ಟೆ' ಅನ್ನಬೇಡ. ನೀನು ಹಾಗೆ ಅಂದೇ ಅನ್ನುತ್ತೀ ಎಂದು ನನಗೆ ಗೊತ್ತು. ಎಲ್ಲಕ್ಕಿಂತ ಅದಕ್ಕೇ ಹೆದರಿದ್ದೇನೆ.