ಮೊದಲೇ ಹಾಕಿಟ್ಟ ಮೂರು ಟಿಕ್ಕುಗಳ ಬಗ್ಗೆ ಆಸ್ಪತ್ರೆಯ ಅಧೀಕ್ಷಕರಿಗೆ

ಮಾನ್ಯ ಅಧೀಕ್ಷಕರೇ,

ಈ 'ಮಾನ್ಯ' ಎಂಬ ಪದವನ್ನು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಬರೆದಿದ್ದೇನೆ. ಪತ್ರ ಬರೆಯುವ ಪದ್ಧತಿಯ ಮೇಲಿನ ಗೌರವದಿಂದ ಅದು ಉಳಿದುಕೊಂಡಿದೆ. ವಿಷಯ ಇಷ್ಟು. ತಮ್ಮ ಆಸ್ಪತ್ರೆಯ ಮೂತ್ರರೋಗ ವಿಭಾಗದ ಬಾಗಿಲ ಹೊರಗೆ ಒಂದು ಮೇಜಿದೆ. ಅದರ ಡ್ರಾಯರಿನಲ್ಲಿ ಒಪ್ಪಿಗೆ ಪತ್ರಗಳ ದಪ್ಪನೆಯ ಕಟ್ಟಿದೆ. ಶಸ್ತ್ರಚಿಕಿತ್ಸೆಯ ಬಗ್ಗೆ ವಿವರಿಸಲಾಗಿದೆ, ವಿಕಿರಣ ಚಿಕಿತ್ಸೆಯ ಬಗ್ಗೆ ವಿವರಿಸಲಾಗಿದೆ, ಸದ್ಯಕ್ಕೆ ಏನೂ ಮಾಡದೆ ನಿಗಾ ಇಡುವ ಬಗ್ಗೆ ವಿವರಿಸಲಾಗಿದೆ ಎಂಬ ಮೂರು ಸಾಲುಗಳ ಮುಂದಿನ ಮೂರು ಚೌಕಗಳಲ್ಲೂ, ರೋಗಿ ಯಾರೆಂದು ಗೊತ್ತಾಗುವುದಕ್ಕೆ ಮೊದಲೇ ನೀಲಿ ಶಾಯಿಯಲ್ಲಿ ಟಿಕ್ ಹಾಕಿಡಲಾಗಿದೆ. ಯಾರಿಗೂ ಏನನ್ನೂ ವಿವರಿಸದೆ ಎಲ್ಲರಿಗೂ ಎಲ್ಲವನ್ನೂ ವಿವರಿಸಿ ಮುಗಿಸಿದ ಇಂಥ ಸಂಸ್ಥೆಯ ಮುಖ್ಯಸ್ಥರಾಗಿರುವುದಕ್ಕೆ ತಮ್ಮನ್ನು ಅಭಿನಂದಿಸಬೇಕೋ ಏನೋ. ನನಗಂತೂ ಮೈಯೆಲ್ಲ ಉರಿಯುತ್ತಿದೆ.

ನಾನು ದರ್ಜಿ. ಮೂವತ್ತೊಂದು ವರ್ಷದಿಂದ ಗಂಡಸರ ಕೋಟು, ಪ್ಯಾಂಟು ಹೊಲಿಯುತ್ತಿದ್ದೇನೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯುಂಟು. ಕೋಟಿನ ಬಟ್ಟೆ ಕತ್ತರಿಸಿದ ಮೇಲೂ ಗಟ್ಟಿ ಹೊಲಿಗೆ ಹಾಕುವುದಿಲ್ಲ. ಬಿಳಿ ನೂಲಿನಲ್ಲಿ ಕಚ್ಚಾ ಹೊಲಿಗೆ ಹಾಕಿ, ಗಿರಾಕಿಯನ್ನು ಕರೆಸಿ, ಕನ್ನಡಿಯ ಮುಂದೆ ನಿಲ್ಲಿಸಿ, ಕೈ ಎತ್ತಿಸಿ, ಕೂರಿಸಿ, "ಎಲ್ಲಾದ್ರೂ ಹಿಡಿಯುತ್ತಾ ಹೇಳಿ" ಎಂದು ಕೇಳುತ್ತೇವೆ. ಕೋಟು ಕೆಟ್ಟರೆ ಇನ್ನೊಂದು ಹೊಲಿಯಬಹುದು. ಆದರೂ ಕೇಳುತ್ತೇವೆ. ತಮ್ಮಲ್ಲಿ ಕೆಟ್ಟರೆ ಇನ್ನೊಂದು ಹೊಲಿಯುವ ಸೌಲಭ್ಯವೇನಾದರೂ ಇದೆಯೇ?

ನನ್ನ ಅಣ್ಣ ಬಸ್ ಚಾಲಕ. 'ಆಗಿದ್ದ' ಎಂದು ಬರೆಯಬೇಕು. ಎರಡು ವರ್ಷದ ಹಿಂದೆ, ಅವನಿಗೆ ಐವತ್ತೆಂಟಾಗಿದ್ದಾಗ, ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ತಮ್ಮ ಆಸ್ಪತ್ರೆಯಲ್ಲಿ ತಿಳಿಯಿತು. ತಿಳಿದದ್ದು ನನಗೆ ಮತ್ತು ಅತ್ತಿಗೆಗೆ. "ಪೇಷಂಟ್ ಹೊರಗೇ ಕೂತಿರ್ಲಿ, ಮನೆಯವರು ಬನ್ನಿ" ಎಂದು ನಮ್ಮಿಬ್ಬರನ್ನೇ ಒಳಗೆ ಕರೆದರು. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಡಾಕ್ಟ್ರೇ, ಅವರ ಮುಂದೆ ಆ ಹೆಸರು ಎತ್ತಬೇಡಿ. ಧೈರ್ಯ ಕಳ್ಕೊಂಡುಬಿಡ್ತಾರೆ" ಎಂದರು. ತಮ್ಮ ಶಸ್ತ್ರವೈದ್ಯರಿಗೂ ಅದೇ ಬೇಕಿತ್ತೆಂದು ಕಾಣುತ್ತದೆ. "ಗಡ್ಡೆ ಅಂತ ಹೇಳೋಣ ಬಿಡಿ, ತೆಗೆದುಹಾಕಿದ್ರೆ ಮುಗೀತು" ಎಂದರು. ನಾನು ಕೈ ಮುಗಿದು, "ನೀವು ಹೇಗೆ ಹೇಳ್ತೀರೋ ಹಾಗೆ" ಎಂದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮದು. ಹೊರಗಿನ ಮೇಜಿನ ಗುಮಾಸ್ತರು ಕಾಗದ ಚಾಚಿದರು. ಗಡ್ಡೆ ತೆಗೆಸಲು ಎಂದುಕೊಂಡು ಅಣ್ಣ ಸಹಿ ಹಾಕಿದ. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ. ಕಾಲರನ್ನು ಅರ್ಧ ಇಂಚು ಅಗಲ ಮಾಡುವುದಕ್ಕೂ ಗಿರಾಕಿಯ ಒಪ್ಪಿಗೆ ಕೇಳುವ ನಾನು, ಒಡಹುಟ್ಟಿದವನ ದೇಹದ ವಿಷಯಕ್ಕೆ ಓದದೆ ಎರಡು ನಿಮಿಷದಲ್ಲಿ ಸಹಿ ಜಡಿದೆ. ಈ ಪತ್ರದಲ್ಲಿರುವ ಸಿಟ್ಟಿನಲ್ಲಿ ನನ್ನ ಪಾಲೂ ಇದೆ. ಅದನ್ನು ಮುಚ್ಚಿಡುವುದಿಲ್ಲ.

ಶಸ್ತ್ರವೈದ್ಯರ ಕೈಯನ್ನು ದೂರುತ್ತಿಲ್ಲ. ಗಾಯ ಚೆನ್ನಾಗಿ ಮಾಯಿತು, ಗಡ್ಡೆಯೂ ಹೋಯಿತು. ಆದರೆ ಮೂತ್ರ ನಿಲ್ಲಲಿಲ್ಲ. ಮೂರು ತಿಂಗಳಲ್ಲಿ ಸರಿಹೋಗುತ್ತದೆ ಎಂದರು, ಆರು ತಿಂಗಳೆಂದರು, ಆಮೇಲೆ ಏನೂ ಅನ್ನಲಿಲ್ಲ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅಣ್ಣ ಅಂಗಡಿಗೆ ಬಂದ. ಅಳತೆಯ ಜಾಗದ ಪರದೆ ಎಳೆದುಕೊಂಡು, "ಎರಡು ಪ್ಯಾಂಟ್ ಹೊಲಿದುಕೊಡು. ಕಪ್ಪು ಬಟ್ಟೇನೇ ಆಗ್ಬೇಕು. ಮುಂದೆ ಸಡಿಲ ಇರ್ಲಿ" ಎಂದ.

"ಎಷ್ಟು ಸಡಿಲ?" ಎಂದೆ, ಟೇಪು ಹಿಡಿದುಕೊಂಡು.

"ಒಳಗೆ ಪ್ಯಾಡ್ ಇರುತ್ತೆ ಕಣೋ. ಅದಕ್ಕೆ ಎಷ್ಟು ಬೇಕೋ ಅಷ್ಟು."

ಆ ಪ್ಯಾಂಟುಗಳನ್ನು ನಾನೇ ಹೊಲಿದೆ. ನಾಲ್ಕು ತಾಸು ಸೀಟು ಬಿಟ್ಟು ಏಳಲಾಗದ ಕೆಲಸವನ್ನು ಪ್ಯಾಡ್ ಕಟ್ಟಿಕೊಂಡು ಎಷ್ಟು ದಿನ ಮಾಡಿಯಾನು? ಡಿಪೋದಲ್ಲಿ ಬಸ್ಸುಗಳು ಬಂದ ಹೊತ್ತು, ಹೋದ ಹೊತ್ತು ಬರೆಯುವ ಕೆಲಸ ಕೇಳಿ ಹಾಕಿಸಿಕೊಂಡ. ಅಲ್ಲಿ ಬಚ್ಚಲು ಹತ್ತಿರ. ದಾಂಪತ್ಯದ ಬಗ್ಗೆ ಒಂದೇ ಸಲ ಬಾಯಿಬಿಟ್ಟಿದ್ದಾನೆ. "ನಿಮ್ಮ ಅತ್ತಿಗೆ ಈಗ ಹೊರಗಿನ ಕೋಣೇಲಿ ಮಲಗ್ತಾಳೆ. ನಾನೇ ಹೇಳಿದ್ದು." ಹೀಗೂ ಆಗಬಹುದು ಎಂದು ನಮ್ಮಲ್ಲಿ ಒಬ್ಬರಿಗಾದರೂ ಮೊದಲೇ ಯಾರಾದರೂ ಹೇಳಿದ್ದರೇ? ತಮ್ಮ ಕಡತದ ಪ್ರಕಾರ ಹೇಳಿದ್ದರು.

ಗಾಯದ ಮೇಲೆ ಬರೆ ಬಿದ್ದದ್ದು ಕಳೆದ ವರ್ಷ, ತಮ್ಮದೇ ಬೆಂಚಿನ ಮೇಲೆ. ಅಣ್ಣನ ತಪಾಸಣೆಗೆ ಹೋಗಿದ್ದಾಗ ಪಕ್ಕದಲ್ಲಿ ಮನೆಗಳಿಗೆ ಬಣ್ಣ ಬಳಿಯುವ ಪೇಂಟರೊಬ್ಬರು ಕೂತಿದ್ದರು. ಅಣ್ಣನದೇ ವಯಸ್ಸು. ಮಾತಿಗೆ ಮಾತು ಬೆಳೆದು ರಿಪೋರ್ಟುಗಳು ಹೊರಬಂದವು. ಎರಡನ್ನೂ ನನ್ನ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಕ್ಯಾನ್ಸರು ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಅಂಕ ಇಬ್ಬರದೂ ಆರು, ಅಂದರೆ ತೀರಾ ಸೌಮ್ಯ. ರಕ್ತದಲ್ಲಿ ಈ ರೋಗದ ಸುಳಿವು ಕೊಡುವ ಪಿಎಸ್‌ಎ ಇಬ್ಬರದೂ ಆರರ ಆಸುಪಾಸು. ಬಯಾಪ್ಸಿಗೆಂದು ಗ್ರಂಥಿಯಿಂದ ತೆಗೆದ ಹನ್ನೆರಡು ಚೂರುಗಳಲ್ಲಿ ಇಬ್ಬರಿಗೂ ಎರಡರಲ್ಲಿ ಮಾತ್ರ ರೋಗ. ಹೊರಗೆ ಹರಡಿಲ್ಲ. ಪೇಂಟರು ನಗುತ್ತಾ ಹೇಳಿದರು: "ನಂಗೆ ಆಪರೇಷನ್ ಬೇಡ ಅಂದ್ರು. ಇದು ನಿಧಾನದ ಕ್ಯಾನ್ಸರು, ಆರಾರು ತಿಂಗಳಿಗೆ ರಕ್ತ ಕೊಡು, ಹೆಚ್ಚಾದ್ರೆ ಆಗ ನೋಡೋಣ ಅಂದ್ರು. ಏಣಿ ಹತ್ಕೊಂಡು ಇಳ್ಕೊಂಡು ಆರಾಮಾಗಿದೀನಿ."

ಅವರು ತೋರಿಸಿಕೊಂಡದ್ದು ಗುರುವಾರದ ವೈದ್ಯರಿಗೆ. ಅಣ್ಣ ಹೋಗಿದ್ದು ಮಂಗಳವಾರ. ಹೊಟ್ಟೆಯೊಳಗಿನ ಗಡ್ಡೆಗೆ ವಾರ ಯಾವುದೆಂದು ಗೊತ್ತಾಗುತ್ತದೆಯೇ, ಸ್ವಾಮಿ? ಅಥವಾ ನನ್ನಂಥ ದರ್ಜಿಯ ಕಣ್ಣಿಗೆ ಕಾಣದ ವ್ಯತ್ಯಾಸವೇನೋ ಆ ಎರಡು ಕಾಗದಗಳ ನಡುವೆ ಇದ್ದಿರಬಹುದು. ಇದ್ದರೆ ತೋರಿಸಿ, ಒಪ್ಪಿಕೊಂಡು ಸುಮ್ಮನಾಗುತ್ತೇನೆ. ಅಣ್ಣ ಅವತ್ತೇ ಮೊದಲ ಸಲ, ಒಬ್ಬ ಅಪರಿಚಿತನ ಬಾಯಿಂದ, ತನಗಿದ್ದ ರೋಗದ ಹೆಸರು ಕೇಳಿದ. ನನ್ನ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ?" ಎಂದ. ರೋಗದ ಹೆಸರು ಗೊತ್ತಿತ್ತು. ಕಾಯಬಹುದಿತ್ತು ಎಂಬುದು ಗೊತ್ತಿರಲಿಲ್ಲ. ಯಾವುದಕ್ಕೆಂದು ಉತ್ತರ ಕೊಡಲಿ? ಎರಡೂ ರಿಪೋರ್ಟುಗಳನ್ನು ಮಡಿಸಿ ಅವರವರ ಕೈಗೆ ಕೊಟ್ಟೆ.

ಈಗ ನನ್ನ ಸರದಿ. ಒಡಹುಟ್ಟಿದವರಿಗಿದ್ದರೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದು ಮಾಡಿಸಿಕೊಂಡೆ. ನನಗೂ ಇದೆ. ನನ್ನ ಗ್ಲೀಸನ್ ಅಂಕ ಏಳು, ನಾಲ್ಕು ಚೂರುಗಳಲ್ಲಿ ರೋಗ. ಅಣ್ಣನದಕ್ಕಿಂತ ಒಂದು ಮೆಟ್ಟಿಲು ಮೇಲೆ. ಈ ಏಳಕ್ಕೆ ಕಾಯುವುದು ಜಾಣತನವೋ ಅಪಾಯವೋ, ಕತ್ತರಿಯೋ ಕಿರಣವೋ, ನನಗೆ ತಿಳಿಯದು. ತಿಳಿದುಕೊಳ್ಳಲೆಂದೇ ಹೋದ ತಿಂಗಳು ಬಂದೆ. ವೈದ್ಯರ ಮುಖ ನೋಡುವ ಮೊದಲೇ ಅದೇ ಮೇಜಿನಿಂದ ಅದೇ ಕಾಗದ ಬಂತು. ಈ ಸಲ ಓದಿದೆ. ಮೂರೂ ಟಿಕ್ಕುಗಳು ಸಿದ್ಧವಾಗಿದ್ದವು.

"ಇನ್ನೂ ಯಾರೂ ಏನೂ ಹೇಳಿಲ್ವಲ್ಲ, ಟಿಕ್ ಹೇಗೆ ಬಂತು?" ಎಂದು ಕೇಳಿದೆ.

"ಎಲ್ಲರದ್ದೂ ಹಾಗೇ ಇರುತ್ತೆ ಸಾರ್. ಟೈಮ್ ಉಳೀಲಿ ಅಂತ ಬೆಳಿಗ್ಗೇನೇ ಹಾಕಿಟ್ಕೊಳ್ತೀವಿ. ಮೇಲಿಂದಾನೇ ಹೇಳಿದಾರೆ" ಎಂದು ಗುಮಾಸ್ತರು ಡ್ರಾಯರ್ ಎಳೆದು ಕಟ್ಟನ್ನೇ ತೋರಿಸಿದರು. ಪಾಪ, ಅವರಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ.

ಸಹಿ ಹಾಕದೆ ಒಳಗೆ ಹೋದೆ. ಮಂಗಳವಾರದ ಅದೇ ವೈದ್ಯರು ರಿಪೋರ್ಟು ನೋಡುತ್ತಲೇ, "ತೆಗೆಸಿಬಿಡಿ. ಮುಂದಿನ ತಿಂಗಳು ಇಪ್ಪತ್ತೆರಡಕ್ಕೆ ಬನ್ನಿ" ಎಂದರು. ವಿಕಿರಣದ ಬಗ್ಗೆ ಕೇಳಿದೆ. "ಅದು ಅವರ ಡಿಪಾರ್ಟ್‌ಮೆಂಟು." ಅಣ್ಣನಿಗೆ ಹೀಗಾಯಿತಲ್ಲ ಎಂದೆ. "ಎಲ್ಲರಿಗೂ ಆಗಲ್ಲ." ನೂರು ಜನರಲ್ಲಿ ಎಷ್ಟು ಜನಕ್ಕೆ ಆಗುತ್ತೆ, ನಿಮ್ಮ ಕೈಯಲ್ಲಿ ಎಷ್ಟು ಜನಕ್ಕೆ ಆಗಿದೆ ಎಂದೆ. ಆಗ ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು.

"ನೀವೇನ್ ಕೆಲಸ ಮಾಡೋದು?"

"ದರ್ಜಿ."

"ಹಾಗಾದ್ರೆ ನಿಮ್ಮ ಕೆಲಸ ನೀವು ನೋಡ್ಕೊಳ್ಳಿ. ನಮ್ಮ ಕೆಲಸ ನಮಗೆ ಬಿಡಿ."

ಅಧೀಕ್ಷಕರೇ, ನನ್ನ ಸಿಟ್ಟಿನ ಬುಡ ಇರುವುದು ಇಲ್ಲಿ. ಆ ವೈದ್ಯರು ಹೇಳಿದ್ದು ಸರಿಯೇ ಇರಬಹುದು. ಏಳು ಅಂಕದವನಿಗೆ ಶಸ್ತ್ರಚಿಕಿತ್ಸೆಯೇ ಒಳ್ಳೆಯ ದಾರಿ ಇರಬಹುದು. ಆದರೆ ಅದು ನನ್ನ ರೋಗಕ್ಕೆ ಕೊಟ್ಟ ಸಲಹೆಯೋ, ಮಂಗಳವಾರ ಬಂದವರಿಗೆಲ್ಲ ಕೊಡುವ ಸಲಹೆಯೋ ಎಂದು ನಾನು ಕಂಡುಕೊಳ್ಳುವುದು ಹೇಗೆ? ಸುಳ್ಳು ಟಿಕ್ಕು ಹಾಕುವ ಮನೆಯಲ್ಲಿ ನಿಜವಾದ ಮಾತಿಗೂ ಬೆಲೆ ಹೋಗುತ್ತದೆ. ತಾಳಿದವನು ಬಾಳಿಯಾನು ಎಂದು ಗಾದೆ ಇದೆ, ಈ ಕಾಯಿಲೆಯಲ್ಲಿ ತಾಳಿ ಸತ್ತವರೂ ಇದ್ದಾರೆ. ನಾನು ಕತ್ತರಿಗೆ ಹೆದರಿ ಮನೆಯಲ್ಲಿ ಕೂತು, ಗಡ್ಡೆ ಮೂಳೆಗೆ ಹರಡಿದರೆ, ಅದನ್ನು ರೋಗಿಯ ಅಜ್ಞಾನ ಎಂದು ಬರೆದುಕೊಳ್ಳುತ್ತೀರಿ. ಆ ಅಜ್ಞಾನ ತಯಾರಾದದ್ದು ತಮ್ಮ ಡ್ರಾಯರಿನಲ್ಲಿ. ಅಣ್ಣನೇ ಮೊನ್ನೆ ಗದರಿದ. "ನನ್ನ ನೋಡ್ಕೊಂಡು ಬೇಡ ಅನ್ಬೇಡ. ನಂಗೆ ಕೇಳೋಕೆ ಬಿಡ್ಲಿಲ್ಲ, ನೀನಾದ್ರೂ ಪೂರ್ತಿ ಕೇಳು. ಕೇಳಿ ಆಮೇಲೆ ಏನ್ ಬೇಕಾದ್ರೂ ಮಾಡ್ಕೋ."

ಆದ್ದರಿಂದ ಕೇಳುತ್ತಿದ್ದೇನೆ. ಇಪ್ಪತ್ತೆರಡಕ್ಕೆ ಮೊದಲು ಕತ್ತರಿಯ ವೈದ್ಯರು, ಕಿರಣದ ವೈದ್ಯರು ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ ನನ್ನೆದುರು ಕೂರಬೇಕು. ತಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ವರ್ಷ ಕಳೆದರೂ ಪ್ಯಾಡ್ ಕಟ್ಟಿಕೊಂಡಿರುವವರು ಎಷ್ಟು ಜನ ಎಂಬ ಲೆಕ್ಕ ಮೇಜಿನ ಮೇಲಿರಬೇಕು. ಬೇರೆ ಕಡೆ ತೋರಿಸಿ ಅಭಿಪ್ರಾಯ ಪಡೆಯಲು ನನ್ನ ಬಯಾಪ್ಸಿಯ ಸ್ಲೈಡುಗಳನ್ನು ಕೈಗೆ ಕೊಡಬೇಕು. ಡ್ರಾಯರಿನ ಆ ಕಟ್ಟನ್ನು ಹರಿದುಹಾಕಬೇಕು. ಇನ್ನು ಮೇಲೆ ಆ ಚೌಕಗಳಲ್ಲಿ ಟಿಕ್ ಹಾಕುವ ಪೆನ್ನು ರೋಗಿಯ ಕೈಯಲ್ಲಿರಬೇಕು.

ಮತ್ತೊಂದಿದೆ. ಅದೇ ದಿನ ಅಣ್ಣನನ್ನೂ ಕೂರಿಸಿ, ಎರಡು ವರ್ಷ ತಡವಾದರೂ ಚಿಂತೆಯಿಲ್ಲ, ಆ ಮೂರೂ ಸಾಲುಗಳನ್ನು ಒಂದೊಂದಾಗಿ ವಿವರಿಸಬೇಕು. ಈಗ ಹೇಳಿ ಏನು ಪ್ರಯೋಜನ ಎನ್ನಬೇಡಿ. ಅವನ ಕಡತದಲ್ಲಿ ವಿವರಿಸಲಾಗಿದೆ ಎಂದು ಬರೆದಿದೆ, ಅದು ಸುಳ್ಳಾಗಿ ಉಳಿಯಕೂಡದು. ಅವನು ಬರುತ್ತಾನೆ. ಮಾತಿನ ನಡುವೆ ಎರಡು ಮೂರು ಸಲ ಎದ್ದು ಹೊರಗೆ ಹೋಗಬೇಕಾಗುತ್ತದೆ. ಅವನು ವಾಪಸ್ ಬಂದು ಕೂರುವವರೆಗೆ ತಮ್ಮ ವೈದ್ಯರು ಮಾತು ನಿಲ್ಲಿಸಿ ಕಾಯತಕ್ಕದ್ದು.

ಇಂತಿ,
ತಮ್ಮ ಕಡತದೊಳಗೆ ಎಲ್ಲವನ್ನೂ ತಿಳಿದಿರುವ,
ಕಡತದ ಹೊರಗೆ ಏನೊಂದೂ ತಿಳಿಯದೆ ಕೂತಿರುವ
ಒಬ್ಬ ದರ್ಜಿ